ಮೊದಲು ತಾನು ಬೀಳುವ ಪಟ್ಟು

ನಮ್ಮ ಪಿ.ಟಿ. ಮಾಸ್ಟ್ರ ಹೊಟ್ಟೆಗೆ ನಾನು ಕಾಲು ಕೊಟ್ಟಷ್ಟು ಸಲ ಈ ಜನ್ಮದಲ್ಲಿ ಇನ್ಯಾರ ಹೊಟ್ಟೆಗೂ ಕೊಟ್ಟಿಲ್ಲ. ಹೇಳಿಕೊಳ್ಳುವಂಥ ಮಾತಲ್ಲ, ಗೊತ್ತು. ಅದರಲ್ಲೂ ಅವರು ತೀರಿಕೊಂಡು ತಿಂಗಳು ಕಳೆದಿರುವಾಗ ನಾಲ್ಕು ಒಳ್ಳೆಯ ಮಾತು ಬರೆಯಬೇಕಾದವಳು ಒದ್ದ ಲೆಕ್ಕದಿಂದ ಶುರುಮಾಡಬಾರದು. ಆದರೆ ಅವರ ಬಗ್ಗೆ ಯಾವ ಕಡೆಯಿಂದ ಹೊರಟರೂ ನಾನು ಬಂದು ನಿಲ್ಲುವುದು ಆ ಹೊಟ್ಟೆಯ ಎದುರಿಗೇ. ತೆಳ್ಳಗಿನ ಮೈ, ಬಿಳಿ ಪ್ಯಾಂಟು, ಪ್ಯಾಂಟಿನ ಮೇಲೆ ಸಣ್ಣದೊಂದು ಹೊಟ್ಟೆ. ಅದರ ಮೇಲೆ ದಿನಕ್ಕೆ ಹತ್ತಿಪ್ಪತ್ತು ಹುಡುಗಿಯರ ಪಾದದ ಗುರುತು.

ಸಿದ್ಧಕಟ್ಟೆಯಿಂದ ಸ್ವಲ್ಪ ಒಳಗೆ ನಮ್ಮ ಹೈಸ್ಕೂಲು. ಮಾಸ್ಟ್ರು ಬೆಳ್ತಂಗಡಿ ಹತ್ತಿರದ ಲಾಯಿಲದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಮೊದಲು ಎಲ್ಲ ಶಾಲೆಗಳ ಹಾಗೆ ಅಲ್ಲಿಯೂ ಕಬಡ್ಡಿ ಮತ್ತು ತ್ರೋಬಾಲ್ ಮಾತ್ರ ಇತ್ತಂತೆ. ಆಮೇಲೆ ಎಲ್ಲಿಯೋ ಒಂದು ಶಿಬಿರಕ್ಕೆ ಹೋಗಿ ಬಂದವರು ಒಂದು ನೋಟ್‌ಬುಕ್ ತುಂಬ ಕಡ್ಡಿ ಮನುಷ್ಯರ ಚಿತ್ರ ಬರೆದುಕೊಂಡು ಬಂದು, "ಇನ್ನು ನಾವು ಜೂಡೋ ಮಾಡುವ" ಎಂದರು. ಕಾರಣ ಕೇಳಿದರೆ ಬಹಳ ಸರಳ. "ಕಬಡ್ಡಿಗೆ ಹೋದರೆ ಊರೂರಿನ ತಂಡ ಉಂಟು. ಜೂಡೋಕ್ಕೆ ಹೆಸರು ಕೊಡುವವರೇ ಇಲ್ಲ ಮಾರಾಯ್ತಿ. ಹೋದವರೆಲ್ಲ ಅರ್ಧ ಗೆದ್ದ ಹಾಗೆ." ಆದರ್ಶ, ಸಾಧನೆ ಎಂಬ ಮಾತುಗಳು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ.

ಮುರಿದ ಬೆಂಚು ರಾಶಿ ಹಾಕುತ್ತಿದ್ದ ಕೋಣೆಯೊಂದನ್ನು ಖಾಲಿ ಮಾಡಿಸಿದರು. ಗೋಣಿಚೀಲಕ್ಕೆ ಬೈಹುಲ್ಲು ತುಂಬಿಸಿ ಸಾಲಾಗಿ ಹಾಸಿ, ಮೇಲೆ ಟಾರ್ಪಾಲು ಎಳೆದು ಕಟ್ಟಿದರೆ ಅದೇ ಮ್ಯಾಟು. ಒಂದೇ ಕಿಟಕಿ. ಹೊರಗಿನಿಂದ ಹುಡುಗರು ಇಣುಕುತ್ತಾರೆಂದು ಅದನ್ನೂ ಮುಚ್ಚಬೇಕು. ಒಳಗೆ ಹುಲ್ಲಿನ ಧೂಳು, ಬೆವರು, ತೆಂಗಿನೆಣ್ಣೆಯ ವಾಸನೆ. ಒಳಗೆ ಹೋಗುವ ಮೊದಲು ನಮ್ಮ ಬಳೆ, ಬೆಂಡೋಲೆ, ಕ್ಲಿಪ್ಪು ಎಲ್ಲ ಅವರ ಸ್ಟೀಲಿನ ಬುತ್ತಿಪಾತ್ರೆಗೆ ಬೀಳಬೇಕು. ಕೀಲಿಗೊಂಚಲಿಗೇ ಒಂದು ನೈಲ್‌ಕಟ್ಟರ್ ಸಿಕ್ಕಿಸಿಕೊಂಡಿದ್ದರು. ಬಾಗಿಲಲ್ಲಿ ನಿಲ್ಲಿಸಿ ಒಬ್ಬೊಬ್ಬಳ ಉಗುರು ನೋಡಿ, ಉದ್ದವಿದ್ದರೆ ತಾವೇ ಕತ್ತರಿಸುತ್ತಿದ್ದರು. ಉಗುರು ಬಣ್ಣ ಹಚ್ಚಿಕೊಂಡು ಬಂದವಳಿಗೆ, "ಚಂದ ಉಂಟು. ಚಂದ ಎಲ್ಲ ಹೊರಗೆ" ಎನ್ನುತ್ತಿದ್ದರು.

ಮೊದಲ ಮೂರು ತಿಂಗಳು ಬೀಳುವುದು ಬಿಟ್ಟು ಬೇರೇನೂ ಇಲ್ಲ. ಹಿಂದಕ್ಕೆ ಬೀಳು, ಪಕ್ಕಕ್ಕೆ ಬೀಳು, ಉರುಳಿ ಬೀಳು. ಬೀಳುವಾಗ ಅಂಗೈಯಿಂದ ನೆಲಕ್ಕೆ ಬಲವಾಗಿ ಬಡಿದರೆ ಪೆಟ್ಟು ಕೈಗೆ ಹೋಗುತ್ತದೆ, ಬೆನ್ನು ಉಳಿಯುತ್ತದೆ. ಯಾರಾದರೂ ಬಿದ್ದು ಅತ್ತರೆ, "ಬಿದ್ದದ್ದಕ್ಕೆ ಅಳಬೇಡ, ಕೈ ಬಡಿಯದ್ದಕ್ಕೆ ಅಳು" ಎನ್ನುತ್ತಿದ್ದರು. ನಾವು ಕಲಿತದ್ದನ್ನು ನೋಡಿದ ಎಂಟನೇ ಕ್ಲಾಸಿನ ಮೂವರು ಹುಡುಗಿಯರು ತಾವೂ ಬರುತ್ತೇವೆಂದು ಹಿಂದೆ ಬಿದ್ದರು. ಅವರಿಗೂ ಅದೇ ಪಾಠ. ಇಡೀ ಶಾಲೆ ನಮ್ಮನ್ನು ನೋಡಿ ನಗುತ್ತಿತ್ತು. ಬೇರೆ ಶಾಲೆಯ ಮಕ್ಕಳು ಗೆಲ್ಲಲಿಕ್ಕೆ ಕಲಿಯುತ್ತಾರೆ, ನಮ್ಮವರು ಬೀಳಲಿಕ್ಕೆ ಕಲಿಯುತ್ತಾರೆ ಎಂದು ಗಣಿತದ ಟೀಚರ್ ಸ್ಟಾಫ್‌ರೂಮಿನಲ್ಲಿ ಹೇಳಿದ್ದು ನಮಗೂ ಗೊತ್ತಾಗಿತ್ತು.

ನಾನು ಆ ಕೋಣೆಗೆ ಹೋದದ್ದು ಆಟದ ಮೇಲಿನ ಪ್ರೀತಿಯಿಂದಲ್ಲ. ಮನೆಗೆ ಒಂದು ಗಂಟೆ ತಡವಾಗಿ ಹೋಗಲು ಅದೊಂದು ನೆಪ, ಅಷ್ಟೇ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಕರೆದುಕೊಂಡು ತನ್ನ ಅಣ್ಣನ ಮನೆಗೆ ಬಂದಿದ್ದಳು. ಅಳಿಯಸಂತಾನದ ನಮ್ಮವರಲ್ಲಿ ಅದೇನು ಅವಮಾನದ ಸಂಗತಿಯಲ್ಲ. ತಾಯಿಯ ಮನೆಯೇ ಮಕ್ಕಳ ಮನೆ. ಮಾವ ಮನೆಯ ಯಜಮಾನ, ನಮ್ಮ ಶಾಲೆಯ ಕಮಿಟಿಯ ಅಧ್ಯಕ್ಷ. ಕೆಟ್ಟವರಲ್ಲ. ಬಂಟ್ವಾಳಕ್ಕೆ ಹೋದರೆ ನನಗೆಂದೇ ಬಿಸಿ ಗೋಳಿಬಜೆ ಕಟ್ಟಿಸಿಕೊಂಡು ಬರುತ್ತಿದ್ದರು. ಆದರೆ ನನ್ನ ಬದುಕಿನ ಎಲ್ಲ ಬಾಗಿಲುಗಳನ್ನೂ ಅವರು ಅದೇ ಪ್ರೀತಿಯಿಂದ ಒಂದೊಂದಾಗಿ ಮುಚ್ಚಿಟ್ಟಿದ್ದರು. ಶಾಲೆಗೆ ಅವರದೇ ಜೀಪಿನಲ್ಲಿ ಬಿಡುವುದು. ಹತ್ತನೇ ಕ್ಲಾಸು ಆದ ಮೇಲೆ ಅದೇ ಜೀಪಿನಲ್ಲಿ ಹತ್ತಿರದ ಕಾಲೇಜಿಗೆ. ಹದಿನೆಂಟು ತುಂಬಿದ ಮೇಲೆ ಅವರ ಮಗನೊಂದಿಗೆ ಮದುವೆ. ಬಾವ ನನಗಿಂತ ಒಂಬತ್ತು ವರ್ಷ ದೊಡ್ಡವ, ಕುವೈತಿನಲ್ಲಿದ್ದ. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ, ಆಸೆಯೂ ಇರಲಿಲ್ಲ. ಅವನನ್ನೂ ಯಾರೂ ಕೇಳಿರಲಿಲ್ಲ, ನನ್ನನ್ನೂ ಕೇಳಿರಲಿಲ್ಲ. "ಮನೆಯ ಹುಡುಗಿ ಮನೆಯಲ್ಲೇ ಇರ್ತಾಳೆ, ಎಂಥ ಭಾಗ್ಯ" ಎಂದು ಬಂದವರೆಲ್ಲ ಹೇಳಿ, ಬೆಲ್ಲ ನೀರು ಕುಡಿದು ಹೋಗುತ್ತಿದ್ದರು. ಅಮ್ಮ ತಲೆ ತಗ್ಗಿಸಿ ನಗುತ್ತಿದ್ದಳು. ಹದಿನಾಲ್ಕು ವರ್ಷದವಳಿಗೆ ತನ್ನ ಮುಂದಿನ ಐವತ್ತು ವರ್ಷ ಒಂದೇ ಅಂಗಳದಲ್ಲಿ ಕಾಣಿಸಿದರೆ ಹೇಗಾಗಬೇಡ? ಬೆಳಿಗ್ಗೆ ಎದ್ದಾಗಲೇ ಎದೆಯ ಮೇಲೆ ಯಾರೋ ಕೂತ ಹಾಗೆ ಆಗುತ್ತಿತ್ತು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮಾಸ್ಟ್ರಿಗೆ ಹೇಗೆ ಗೊತ್ತಾಯಿತೋ. ಒಂದು ದಿನ ಬಳೆ ವಾಪಸ್ಸು ಕೊಡುವಾಗ, "ನೀನು ಮನೆಗೆ ಹೋಗುವಾಗ ಚಪ್ಪಲಿ ಹಾಕ್ಲಿಕ್ಕೆ ಇಷ್ಟು ಹೊತ್ತು ಯಾಕೆ ಮಾಡ್ತೀ?" ಎಂದು ಕೇಳಿದರು. ನಾನು ಅಳಲು ಶುರುಮಾಡಿದೆ. ಎಲ್ಲ ಕೇಳಿಸಿಕೊಂಡು ಅವರು ಸಮಾಧಾನದ ಮಾತೇನೂ ಆಡಲಿಲ್ಲ. ಮೂಡುಬಿದಿರೆಯಲ್ಲಿ ಆಟಗಾರರಿಗೆ ಹಾಸ್ಟೆಲ್ ಕೊಟ್ಟು ಓದಿಸುವ ಕಾಲೇಜು ಉಂಟು, ರಾಜ್ಯಮಟ್ಟಕ್ಕೆ ಹೋದರೆ ಅವರೇ ಕರೆಯುತ್ತಾರೆ ಎಂದಷ್ಟೇ ಹೇಳಿದರು. ಆ ಭಾನುವಾರ ಮನೆಗೆ ಬಂದು ಮಾವನ ಕಿವಿಗೂ ಹಾಕಿದರು. ಹಾಸ್ಟೆಲ್ ಎಂದರೆ ಮಾವನಿಗೆ ಮೈಯೆಲ್ಲ ಉರಿ. ಅವರ ಕೊನೆಯ ತಂಗಿ ಮಂಗಳೂರಿನ ಹಾಸ್ಟೆಲಿನಲ್ಲಿದ್ದಾಗಲೇ ತನಗೆ ಬೇಕಾದವನನ್ನು ಮದುವೆಯಾಗಿ ಹೋಗಿದ್ದಳು. ಆದರೂ ಮನೆಗೆ ಬಂದ ಮಾಸ್ಟ್ರಿಗೆ ಇಲ್ಲ ಎನ್ನಬಾರದೆಂದು, "ರಾಜ್ಯಮಟ್ಟಕ್ಕೆ ಹೋಗಲಿ, ಮತ್ತೆ ನೋಡುವ" ಎಂದರು. ನಾನು ಹೋಗಲಾರೆ ಎಂಬ ಧೈರ್ಯ ಅವರಿಗೆ.

ಮರುದಿನದಿಂದ ಮಾಸ್ಟ್ರು ನನಗೆ ಕಲಿಸಿದ್ದು ಒಂದೇ ಪಟ್ಟು. ಅದಕ್ಕೊಂದು ಜಪಾನಿ ಹೆಸರಿತ್ತು. ಅವರು "ಬಿದ್ದು ಎಸೆಯುವುದು" ಎನ್ನುತ್ತಿದ್ದರು. ಎದುರಾಳಿಯ ಕೊರಳಪಟ್ಟಿ ಎರಡೂ ಕೈಯಲ್ಲಿ ಹಿಡಿಯಬೇಕು. ಅವಳು ನಮ್ಮನ್ನು ದೂಡುವವರೆಗೆ ಕಾಯಬೇಕು. ದೂಡಿದ ಕೂಡಲೇ ಅವಳ ಕಾಲ ಬುಡದಲ್ಲೇ ಕುಕ್ಕರಿಸಿ, ಒಂದು ಪಾದವನ್ನು ಅವಳ ಹೊಟ್ಟೆಗಿಟ್ಟು, ಬೆನ್ನು ಕೊಟ್ಟು ನಾವೇ ಬಿದ್ದುಬಿಡಬೇಕು. ಅವಳು ನಮ್ಮ ತಲೆಯ ಮೇಲಿಂದ ಹಾರಿ ಆಚೆ ಹೋಗಿ ಬೀಳುತ್ತಾಳೆ. ಗಿಡ್ಡಗಿದ್ದ ನನಗೆ ಹೇಳಿ ಮಾಡಿಸಿದ ಪಟ್ಟು. ಆದರೆ ಅವಳು ದೂಡುವ ಮೊದಲೇ ಬಿದ್ದರೆ, ಅಥವಾ ಬೀಳುವಾಗ ಒಂದು ಗೇಣು ಹಿಂದೆ ಸರಿದರೆ ಮುಗಿಯಿತು. ಅವಳು ಮೂಟೆಯ ಹಾಗೆ ನಮ್ಮ ಮೇಲೆಯೇ ಬೀಳುತ್ತಾಳೆ, ಏಳಲು ಬಿಡುವುದಿಲ್ಲ. "ನೀನು ಹೆದರಿ ಅರ್ಧ ಬೀಳ್ತೀ. ಅರ್ಧ ಬಿದ್ದವಳು ಪೂರ್ತಿ ಸಿಕ್ಕಿ ಬೀಳ್ತಾಳೆ" ಎಂದು ಮಾಸ್ಟ್ರು ದಿನವೂ ಹೇಳುತ್ತಿದ್ದರು.

ಕಷ್ಟ ಬೀಳುವುದರಲ್ಲಿರಲಿಲ್ಲ, ಕಾಲಿಡುವುದರಲ್ಲಿತ್ತು. ನಮ್ಮಲ್ಲಿ ಕಾಲು ಪುಸ್ತಕಕ್ಕೆ ತಾಗಿದರೂ, ಬಸ್ಸಿನಲ್ಲಿ ಅಪರಿಚಿತರಿಗೆ ತಾಗಿದರೂ, ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತೇವೆ. ಅದು ಯೋಚಿಸಿ ಮಾಡುವ ಕೆಲಸವಲ್ಲ, ಕಣ್ಣೆವೆ ಮಿಟುಕಿಸಿದ ಹಾಗೆ. ನಾವು ಹುಡುಗಿಯರು ಒಬ್ಬಳು ಇನ್ನೊಬ್ಬಳ ಹೊಟ್ಟೆಗೆ ಕಾಲಿಟ್ಟು ಅಲ್ಲಿಯೇ ಪಟ್ಟು ಬಿಟ್ಟು ಕೈ ಮುಗಿಯುತ್ತಿದ್ದೆವು. ಬೇಸತ್ತ ಮಾಸ್ಟ್ರು ತಾವೇ ಎದುರು ನಿಂತರು. ಗುರುವಿನ ಹೊಟ್ಟೆಗೆ ಕಾಲು! ನಾನು ಸತ್ತರೂ ಆಗುವುದಿಲ್ಲ ಎಂದೆ.

"ಇದು ಗುರು ಅಲ್ಲ ಮಾರಾಯ್ತಿ, ಹೊಟ್ಟೆ. ಬೆಳಿಗ್ಗೆ ಮೂರು ದೋಸೆ ತಿಂದದ್ದು."

ಆದರೂ ಆಗಲಿಲ್ಲ. ಕೊನೆಗೆ ಅವರೇ ದಾರಿ ಹುಡುಕಿದರು. ದಿನವೂ ಶುರುವಿಗೆ ನಾವೆಲ್ಲ ಸಾಲಾಗಿ ಬಂದು ಅವರ ಹೊಟ್ಟೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು. "ಇವತ್ತಿನ ಎಲ್ಲ ಒದೆಗೂ ಸೇರಿ ಒಟ್ಟಿಗೆ ಮಾಡಿ. ಮತ್ತೆ ನಡುವಿನಲ್ಲಿ ಯಾರಾದರೂ ಕೈ ಮುಗಿದರೆ ಇಪ್ಪತ್ತು ಬಸ್ಕಿ." ಹೊರಗಿನವರು ನೋಡಿದ್ದರೆ ಯಾವುದೋ ಹೊಸ ದೇವರ ಪೂಜೆ ಎಂದುಕೊಳ್ಳುತ್ತಿದ್ದರು. ಈ ಉಪಾಯ ಕೆಲಸ ಮಾಡಿತು. ಎಸೆದೆವು, ಎಸೆದೆವು, ಆ ಬಡಪಾಯಿ ದಿನಕ್ಕೆ ಅದೆಷ್ಟು ಸಲ ನಮ್ಮ ತಲೆಯ ಮೇಲಿಂದ ಹಾರಿ ಹುಲ್ಲಿನ ಚೀಲದ ಮೇಲೆ ಬಿದ್ದರೋ. ಎದ್ದು, ಪ್ಯಾಂಟು ಕೊಡವಿ, ಒಂದೇ ಮಾತು: "ಇನ್ನೊಮ್ಮೆ." ಸೊಂಟ ಹಿಡಿದುಕೊಂಡು ಬಸ್ಸು ಹತ್ತುತ್ತಿದ್ದುದನ್ನು ನಾವು ನೋಡಿದ್ದೇವೆ, ನಕ್ಕಿದ್ದೇವೆ ಕೂಡ. ಆಗ ನಗುವ ಪ್ರಾಯ.

ಹತ್ತನೇ ಕ್ಲಾಸಿನಲ್ಲಿದ್ದಾಗ ಮೂಡುಬಿದಿರೆಯಲ್ಲಿ ಪಂದ್ಯ. ಗೆದ್ದ ಒಬ್ಬಳು ಮಾತ್ರ ರಾಜ್ಯಮಟ್ಟಕ್ಕೆ. ನಿಜವಾದ ಮ್ಯಾಟಿನ ಮೇಲೆ ನಾನು ಕಾಲಿಟ್ಟದ್ದೇ ಅವತ್ತು. ಎಷ್ಟು ಮೆತ್ತಗಿತ್ತೆಂದರೆ ಇಲ್ಲಿ ಬೀಳಲಿಕ್ಕೆ ಯಾರಿಗಾದರೂ ಕಲಿಸಬೇಕಾ ಎನಿಸಿತು. ಮಾಸ್ಟ್ರು ಹೇಳಿದ ಹಾಗೆ ಜೂಡೋಕ್ಕೆ ಬಂದವರು ಕಡಿಮೆ. ಒಬ್ಬಳನ್ನು ಸೋಲಿಸಿದರೆ ಫೈನಲ್. ಫೈನಲಿನಲ್ಲಿ ಎದುರಿಗಿದ್ದವಳು ಗಟ್ಟಿಮುಟ್ಟು ಹುಡುಗಿ, ಹಣೆಯಲ್ಲಿ ಕುಂಕುಮ. ಬಂದವಳೇ ದೂಡಿದಳು. ನಾನು ಅವಳ ಕಾಲ ಬುಡದಲ್ಲಿ ಕೂತೆ, ಕಾಲಿಟ್ಟೆ, ಬಿದ್ದೆ. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಬಿದ್ದಿರಲಿಲ್ಲ. ಅವಳು ನನ್ನ ಮೇಲಿಂದ ಹಾರಿದಳು. ಹಾರುವಾಗ ನನ್ನ ಪಾದ ಅವಳ ಹೊಟ್ಟೆಯಿಂದ ಜಾರಿ ಕೆನ್ನೆಗೆ ತಾಗಿತು. ಅವಳು ಬೆನ್ನ ಮೇಲೆ ಬೀಳದೆ ಪಕ್ಕಕ್ಕೆ ಬಿದ್ದಳು. ಹಾಗಾಗಿ ಅರ್ಧ ಅಂಕ ಮಾತ್ರ, ಆಟ ಮುಗಿಯಲಿಲ್ಲ. ಆ ಗಳಿಗೆಯಲ್ಲಿ ನಾನು ಮಾಡಬೇಕಾದ್ದು ಅವಳ ಮೇಲೆ ಬಿದ್ದು ಅದುಮಿ ಹಿಡಿಯುವುದು. ಸಾವಿರ ಸಲ ಮಾಡಿದ ಕೆಲಸ.

ನಾನು ಅವಳ ಕೆನ್ನೆ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡೆ.

ಅವಳ ಕಣ್ಣಿನಲ್ಲಿ ಒಂದು ಕ್ಷಣ ಆಶ್ಚರ್ಯ ಕಂಡಿತು. ಮರುಕ್ಷಣ ಅವಳು ನನ್ನ ಮೇಲಿದ್ದಳು. ತೀರ್ಪುಗಾರರು ಕೈ ಚಾಚಿ ಏನೋ ಕೂಗಿದರು, ಗಡಿಯಾರ ಓಡಿತು. ಆಗಿನ ನಿಯಮದಂತೆ ಇಪ್ಪತ್ತೈದು ಸೆಕೆಂಡು ಎದುರಾಳಿಯನ್ನು ಬೆನ್ನ ಮೇಲೆ ಅದುಮಿಟ್ಟರೆ ಪಂದ್ಯ ಮುಗಿದ ಹಾಗೆ. ನನ್ನ ಕುತ್ತಿಗೆ ಅವಳ ತೋಳಿನೊಳಗೆ, ಮೂಗು ಅವಳ ಕಂಕುಳಲ್ಲಿ. ಕಾಲು ಝಾಡಿಸಿದೆ, ಸೊಂಟ ಎತ್ತಿದೆ, ಏನು ಮಾಡಿದರೂ ಅವಳು ಇನ್ನಷ್ಟು ಭಾರವಾದಳು. ಮೇಲೆ ತಗಡಿನ ಮಾಡು, ಅದರ ಕೆಳಗೆ ತಿರುಗುವ ಫ್ಯಾನು. ಫ್ಯಾನು ನೋಡುತ್ತಾ ನಾನು ಯೋಚಿಸಿದ್ದು ಜೂಡೋದ ಬಗ್ಗೆಯಲ್ಲ. ಜೀಪು, ಅಂಗಳ, ಕುವೈತಿನಿಂದ ಬರುವ ಬಾವ. ಎಲ್ಲ ಮುಗಿಯಿತು ಎಂದು ಇಪ್ಪತ್ತನೆಯ ಸೆಕೆಂಡಿಗೇ ಗೊತ್ತಾಗಿ ಒದ್ದಾಡುವುದನ್ನು ಬಿಟ್ಟುಬಿಟ್ಟೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮಾಸ್ಟ್ರು ಒಂದು ಸೀಟು ಮುಂದೆ ಕೂತಿದ್ದರು. ಬೈಯುತ್ತಾರೆಂದು ಕಾದೆ. ತುಂಬಾ ಹೊತ್ತಿನ ಮೇಲೆ ತಿರುಗಿ, "ತಪ್ಪು ನನ್ನದೇ. ನಾನು ನಮಸ್ಕಾರ ಮಾಡಿಸಿದ್ದು ನನ್ನೊಬ್ಬನ ಹೊಟ್ಟೆಗೆ. ಹೊರಗಿನವರದ್ದು ಹೇಳಿಕೊಡಲೇ ಇಲ್ಲ" ಎಂದರು. ಆಮೇಲೆ ಇನ್ನೊಂದು ವಿಷಯ ಹೇಳಿದರು. ಹಾಸ್ಟೆಲ್ ಕೊಡುವ ಆ ಕಾಲೇಜಿನ ಜೂಡೋ ಕೋಚ್ ಪಂದ್ಯ ನೋಡಿದ್ದರಂತೆ; ಪದಕ ಇಲ್ಲದಿದ್ದರೂ ಪರವಾಗಿಲ್ಲ, ಆ ಪಟ್ಟು ಹಾಕಿದವಳನ್ನು ಜೂನಿನಲ್ಲಿ ಕಳಿಸಿ ಎಂದರಂತೆ. ಮಾವನ ಷರತ್ತು ಸೋತವಳಿಗೆ ಯಾವ ಕಾಲೇಜು ಕರೆದರೇನು?

ಮರುದಿನ ಮಾಸ್ಟ್ರು ನಮ್ಮ ಮನೆಗೆ ಬಂದರು. ಜಗಲಿಯ ತುದಿಯಲ್ಲಿ, ಬೇಡಲಿಕ್ಕೆ ಬಂದವರ ಹಾಗೆ ಕೂತರು. ನಾನು ಬೆಲ್ಲ ನೀರು ಕೊಟ್ಟು ಬಾಗಿಲಿನ ಹಿಂದೆ ನಿಂತೆ. ಮಾತು ನಡೆದದ್ದು ತುಳುವಿನಲ್ಲಿ. ನನಗೆ ಒಂದೊಂದು ಮಾತೂ ನೆನಪಿದೆ. ಮಾವ ಜಗಳಕ್ಕೆ ತಯಾರಾಗಿಯೇ ಕೂತಿದ್ದರು.

"ಸೋತಳಂತೆ. ಇನ್ನು ಎಂಥ ಉಂಟು ಮಾತಾಡಲಿಕ್ಕೆ?"

"ಏನೂ ಇಲ್ಲ ಶೆಟ್ರೇ. ನೀವು ಹೇಳಿದ್ದೇ ಸರಿ. ಕಳಿಸಬೇಡಿ, ಅದನ್ನು ಹೇಳಿಯೇ ಹೋಗುವ ಅಂತ ಬಂದದ್ದು."

ನಾನು ಇದನ್ನು ಎಣಿಸಿರಲಿಲ್ಲ. ಮಾವನೂ ಇದನ್ನು ನಿರೀಕ್ಷಿಸಿರಲಿಲ್ಲ. "ಯಾಕೆ? ಅವಳಿಗೆಂಥ ಆಗಿದೆ?" ಎಂದರು.

"ಅವಳಿಗೇನೂ ಆಗಲಿಲ್ಲ. ನನಗೆ ಕಲಿಸ್ಲಿಕ್ಕೆ ಬರುವುದಿಲ್ಲ, ಅದೇ ಆದದ್ದು. ಗೆದ್ದ ಪಂದ್ಯ. ಕಾಲು ಆ ಹುಡುಗಿಯ ಮುಖಕ್ಕೆ ತಾಗಿತು ಅಂತ ನಡುವಿನಲ್ಲಿ ಮುಟ್ಟಿ ನಮಸ್ಕಾರ ಮಾಡ್ಲಿಕ್ಕೆ ಹೋದಳು. ಅಷ್ಟರಲ್ಲಿ ಅವಳು ಹಿಡಿದು ಹಾಕಿದಳು. ಇಂಥವಳು ಆಟಕ್ಕಾಗುವುದಿಲ್ಲ. ಆ ಕೋಚ್ ಕಳಿಸಿ ಕಳಿಸಿ ಅಂತಾರೆ. ನಾನೇ ಬೇಡ ಹೇಳ್ತೇನೆ."

ಮಾವ ನಕ್ಕದ್ದು ಕೇಳಿಸಿತು. ಹೆಮ್ಮೆಯ ನಗು. "ನಮಸ್ಕಾರ ಮಾಡಿದಳಾ? ಅಷ್ಟು ಜನರ ಎದುರಿಗೆ?"

"ಹೌದು. ಎಲ್ಲ ನಕ್ಕರು."

"ನಗ್ತಾರೆ, ಅವರಿಗೆಂಥ ಗೊತ್ತು? ಜಗಳದ ನಡುವಿನಲ್ಲಿ ಕಾಲು ತಾಗಿದ್ದಕ್ಕೆ ಕೈ ಮುಗಿಯುವ ಹುಡುಗಿ ಹಾಸ್ಟೆಲಿಗೆ ಹೋದರೆ ಕೆಡ್ತಾಳಾ? ನೀವು ಬೇಡ ಹೇಳುವುದು ಯಾರು ಮಾಸ್ಟ್ರೇ? ನಮ್ಮ ಮನೆಯ ಹುಡುಗಿ, ನಾನು ಕಳಿಸ್ತೇನೆ."

ಮಾಸ್ಟ್ರು ಇನ್ನೂ ಬೇಡ, ಬೇಡ ಎಂದು ಗೊಣಗುತ್ತಿದ್ದರು. ತನ್ನಂಥವನ ಕೈಯಲ್ಲಿ ಕಲಿತವಳು, ತಾನು ಹದಿನೈದು ದಿನದ ಶಿಬಿರದಲ್ಲಿ ಕಲಿತು ಬಂದವನು ಎಂದು ತಮ್ಮನ್ನೇ ಹೀನಾಯ ಮಾಡಿಕೊಂಡರು. ಎದುರಿನವರು ಕೆಳಗೆ ಬಿದ್ದಷ್ಟೂ ಮೇಲಕ್ಕೆ ಹೋಗುವ ಜಾತಿಯದು ಮಾವನ ಮಾತು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದ್ದು, ಆ ಮಾತು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದು.

"ಅದು ಸರಿಯೇ. ಕಲಿಸ್ಲಿಕ್ಕೆ ಬಾರದವರು ಕಲಿಸುವುದು ಯಾಕೆ?" ಎಂದರು ಮಾವ. "ನಾಳೆ ಯಾರದ್ದಾದರೂ ಮಗಳ ಕುತ್ತಿಗೆ ಮುರಿದರೆ ಕಮಿಟಿಗೆ ಕೆಟ್ಟ ಹೆಸರು. ಇವಳು ಹೇಗೂ ಹೋಗ್ತಾಳೆ. ಜೂನಿನಿಂದ ಶಾಲೆಯಲ್ಲಿ ಆ ಜೂಡೋ ಬೇಡ. ಡ್ರಿಲ್, ಕಬಡ್ಡಿ ಸಾಕು. ಆಗಬಹುದಾ?"

ನಾನು ಬಾಗಿಲಿನ ಸಂದಿಯಿಂದ ನೋಡಿದೆ. ಮಾಸ್ಟ್ರು ಲೋಟದೊಳಗೆ ನೋಡುತ್ತಿದ್ದರು. ಆಗುವುದಿಲ್ಲ ಎಂದರೆ ಈಗಷ್ಟೇ ಆಡಿದ್ದೆಲ್ಲ ನಾಟಕ ಎಂದಾಗುತ್ತದೆ, ನನ್ನ ಹಾಸ್ಟೆಲ್ ಹೋಗುತ್ತದೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು. "ಆಗಬಹುದು" ಎಂದರು. ಆಮೇಲೆ ಇನ್ನೊಂದು ಲೋಟ ನೀರು ಕೇಳಿದರು. ನಾನೇ ತಂದುಕೊಟ್ಟೆ. ಅವರು ನನ್ನ ಮುಖ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ.

ಆ ಕ್ಷಣದಲ್ಲಿ ನಾನು ಒಂದು ಮಾತು ಆಡಬಹುದಿತ್ತು. "ಮಾವ, ಮಾಸ್ಟ್ರು ಚೆನ್ನಾಗಿ ಕಲಿಸ್ತಾರೆ, ನಿಲ್ಲಿಸಬೇಡಿ" ಎಂದು. ನನ್ನ ಮೇಲೆ ಮಾವನಿಗೆ ಅವತ್ತಿದ್ದಷ್ಟು ಪ್ರೀತಿ ಮತ್ತೆಂದೂ ಇರಲಿಲ್ಲ. ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಬಾಯಿ ತೆರೆದರೆ ಮಾವ ಎಲ್ಲಿ ಮನಸ್ಸು ಬದಲಿಸುತ್ತಾರೋ ಎಂಬ ಹೆದರಿಕೆ. ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದೆ. ಜೂನಿನಲ್ಲಿ ಮಾವನೇ ಜೀಪಿನಲ್ಲಿ ನನ್ನನ್ನು ಮೂಡುಬಿದಿರೆಗೆ ಬಿಟ್ಟು ಬಂದರು.

ಆಮೇಲಿನದ್ದು ನನ್ನ ಕಥೆ, ಅವರದ್ದಲ್ಲ. ನಾಲ್ಕೈದು ವರ್ಷ ಆಡಿದೆ, ಓದಿದೆ, ಅಲ್ಲಿಯೇ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿಯಾದೆ. ಬಾವ ತನಗೆ ಬೇಕಾದವಳನ್ನು ಮದುವೆಯಾಗಿ, ನನಗೆ ಫೋನು ಮಾಡಿ ಥ್ಯಾಂಕ್ಸ್ ಹೇಳಿದ. ಮಾಸ್ಟ್ರನ್ನು ಆಮೇಲೆ ಮೂರು ಸಲ ನೋಡಿರಬೇಕು. ಒಮ್ಮೆ ಬಂಟ್ವಾಳದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಅಂಗಿಯ ಕೆಳಗೆ ಸೊಂಟಕ್ಕೆ ಅಗಲದ ಬೆಲ್ಟು ಕಟ್ಟಿಕೊಂಡಿದ್ದು ಕಾಣಿಸುತ್ತಿತ್ತು. ಬಗ್ಗಲಿಕ್ಕೆ ಆಗುತ್ತಿರಲಿಲ್ಲ, ನನ್ನ ಕೈಯಿಂದ ಬಿದ್ದ ಚಿಲ್ಲರೆಯನ್ನು ನೋಡುತ್ತಾ ನಿಂತರು, ನಾನೇ ಹೆಕ್ಕಿದೆ. "ಹೇಗೆ, ಸರಿಯಾಗಿ ಬೀಳ್ತಾ ಇದ್ದೀಯಾ?" ಎಂದು ಕೇಳಿದರು. ಶಾಲೆಯ ಬಗ್ಗೆ ನಾನು ಕೇಳಲಿಲ್ಲ. ಕೇಳಿದರೆ ಹೇಳುತ್ತಿದ್ದರು, ಅದಕ್ಕೇ ಕೇಳಲಿಲ್ಲ. ಅವರ ನಿವೃತ್ತಿಯ ಸಮಾರಂಭಕ್ಕೂ ಹೋಗಲಿಲ್ಲ. ಮಾವನೇ ಶಾಲು ಹೊದಿಸಿದರಂತೆ, ಶಿಸ್ತಿನ ಸಿಪಾಯಿ ಎಂದು ಹೊಗಳಿದರಂತೆ. ಅಂಥ ಒಂದು ವೇದಿಕೆಯ ಕೆಳಗೆ ಕೂತು ಚಪ್ಪಾಳೆ ತಟ್ಟುವ ಧೈರ್ಯ ನನಗಿರಲಿಲ್ಲ.

ಉತ್ತರಕ್ರಿಯೆಯ ಊಟಕ್ಕೆ ಮಾತ್ರ ಲಾಯಿಲಕ್ಕೆ ಹೋದೆ. ಅಂಗಳದಲ್ಲಿ ಶಾಮಿಯಾನ, ನೆಲದ ಮೇಲೆ ಪಂಕ್ತಿ. ಪಕ್ಕದ ಎಲೆಗೆ ಬಂದು ಕೂತವಳು, "ಅಕ್ಕ, ಗುರುತು ಸಿಕ್ಕಿತಾ?" ಎಂದಳು. ಸಿಗಲಿಲ್ಲ. ಆ ಎಂಟನೇ ಕ್ಲಾಸಿನ ಮೂವರಲ್ಲಿ ಒಬ್ಬಳು. ಈಗ ಬಂಟ್ವಾಳದಲ್ಲಿ ಟೈಲರಿಂಗ್ ಅಂಗಡಿ, ಇಬ್ಬರು ಮಕ್ಕಳು. ಸಾರು ಬಡಿಸುವವರೆಗೆ ಮಾಸ್ಟ್ರ ನೈಲ್‌ಕಟ್ಟರ್ ನೆನಪು ಮಾಡಿಕೊಂಡು ಇಬ್ಬರೂ ನಕ್ಕೆವು.

"ನೀವು ಹೋದ ಜೂನಿನಲ್ಲಿ ನಾವು ಮೂವರೂ ಆ ಕೋಣೆಯ ಎದುರು ಹೋಗಿ ನಿಂತದ್ದು" ಎಂದಳು ಅವಳು. "ಒಳಗೆ ಬೆಂಚು ತುಂಬಿಸಿ ಆಗಿತ್ತು. ಕಮಿಟಿಯವರು ಬೇಡ ಹೇಳಿದ್ದಾರೆ ಅಂದರು ಮಾಸ್ಟ್ರು, ಅಷ್ಟೇ. ನನಗೆ ಅವರು ಮೊದಲೇ ಹೇಳಿದ್ದರು, ನಿನ್ನನ್ನೂ ಮೂಡುಬಿದಿರೆಗೆ ಕಳಿಸುವ ಅಂತ. ನಮ್ಮ ಮನೆಯಲ್ಲಿಯೂ ಹತ್ತನೆಯ ಮೇಲೆ ಓದಿಸುವುದಿಲ್ಲ ಅಂತ ಇತ್ತಲ್ಲ. ಮತ್ತೆ ಎಂಥ, ಹತ್ತೊಂಬತ್ತಕ್ಕೆ ಮದುವೆ."

ನಾನು ಅನ್ನ ಕಲಸುತ್ತಾ ಇದ್ದೆ.

"ಕಮಿಟಿಯಲ್ಲಿ ನಿಮ್ಮ ಮಾವನೇ ಇದ್ದದ್ದು ಅಲ್ವಾ ಅಕ್ಕ? ನೀವು ಒಂದು ಮಾತು ಹೇಳಿದ್ದರೆ ಕೇಳ್ತಿದ್ದರಾ ಏನೋ ಅಂತ ನಾನು ಎಷ್ಟೋ ಸಲ ಯೋಚನೆ ಮಾಡಿದ್ದುಂಟು." ಅವಳ ದನಿಯಲ್ಲಿ ಆರೋಪ ಇರಲಿಲ್ಲ. ನನ್ನ ಮುಖ ನೋಡಿ ಅವಳಿಗೇ ಪಾಪ ಎನಿಸಿರಬೇಕು, ಕೂಡಲೇ ಸೇರಿಸಿದಳು: "ನಿಮಗೆ ಎಲ್ಲಿ ಗೊತ್ತಿತ್ತು, ಅಲ್ವಾ? ನೀವು ಆಗಲೇ ಹೋಗಿಯಾಗಿತ್ತು."

ಹೌದು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು.

"ಗೊತ್ತಿತ್ತು" ಎಂದೆ. "ಮಾವ ಹೇಳುವಾಗ ನಾನು ಬಾಗಿಲಿನ ಹಿಂದೆಯೇ ನಿಂತಿದ್ದೆ."

ಅವಳು ಪಾಯಸದ ಪಾತ್ರೆ ಪಂಕ್ತಿಯ ಆ ತುದಿಯಲ್ಲಿರುವಾಗಲೇ ಎಲೆ ಮಡಚಿ ಎದ್ದು ಹೋದಳು. ಸಾವಿನ ಮನೆಯ ಊಟದಲ್ಲಿ ಎಲ್ಲರೂ ಮುಗಿಸುವ ಮೊದಲು ಏಳಬಾರದು. ನಾನು ಕೂತೇ ಇದ್ದೆ.